ಜಾತ್ರೆಯಲ್ಲಿ ಹೋದ ಫೋನು ಸಿಗುತ್ತಾ?

ಬಾದಾಮಿಯ ಬನಶಂಕರಿ ಜಾತ್ರೆ. ಇಳಕಲ್ಲಿನ ನೇಕಾರ, ಹುನಗುಂದದ ರೈತ, ಬಾಗಲಕೋಟೆಯ ಕಾಲೇಜು ಹುಡುಗ, ಎಲ್ಲರೂ ಅದೇ ಗದ್ದಲದಲ್ಲಿರ್ತಾರೆ. ತೇರು ನೋಡಿ, ನಾಟಕ ಕಂಪನಿಯ ಟೆಂಟಿನ ಮುಂದೆ ಬಂದು ಜೇಬು ಮುಟ್ಟಿದರೆ ಫೋನಿಲ್ಲ! "ಹೋತು ಬಿಡೋ, ಇನ್ನೆಲ್ಲಿ ಸಿಗತೈತಿ" ಅಂತಾರೆ ಪಕ್ಕದವರು.

ನನ್ನ ತಕರಾರು ಇರೋದೇ ಈ 'ಹೋತು ಬಿಡೋ' ಬಗ್ಗೆ. ನೇಕಾರನ ಫೋನು ಬರೀ ಫೋನಲ್ಲ. ಸೀರೆಗಳ ಫೋಟೊ, ವ್ಯಾಪಾರಿಗಳ ನಂಬರು, ಬ್ಯಾಂಕು, ಎಲ್ಲ ಅದರೊಳಗೇ ಇದೆ. ಹಾಗೆ ಕೈಬಿಟ್ಟರೆ ಹೇಗೆ?

ನೋಡಿ, ಗಾಡಿಗೆ ಚಾಸಿ ನಂಬರ್ ಇದ್ದ ಹಾಗೆ ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ನಂಬರ್ ಇರುತ್ತೆ. ಕಳ್ಳ ಮೊದಲು ಮಾಡೋದು ನಿಮ್ಮ ಸಿಮ್ ಕಿತ್ತೆಸೆಯೋದು. ಆದರೆ ಬೇರೆ ಸಿಮ್ ಹಾಕಿದ ಕೂಡಲೇ ಫೋನು ಟವರಿಗೆ ತನ್ನ ಐಎಂಇಐ ಹೇಳುತ್ತೆ. ಇದನ್ನು ಹಿಡಿಯೋ ವ್ಯವಸ್ಥೆಯೇ ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್. 2019ರಲ್ಲಿ ಮಹಾರಾಷ್ಟ್ರದಲ್ಲಿ ಪ್ರಯೋಗವಾಗಿ ಶುರುವಾದದ್ದು, 2023ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಬಂತು. ಇಲ್ಲಿ ಬ್ಲಾಕ್ ಆದ ಫೋನು ದೇಶದ ಯಾವ ಕಂಪನಿಯ ನೆಟ್‌ವರ್ಕಿನಲ್ಲೂ ನಡೆಯೋಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತೆ.

ಹಾಗಾದರೆ ಫೋನು ಕಳೆದಾಗ ಏನು ಮಾಡಬೇಕು? ಮೊದಲು ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಪೊಲೀಸ್ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಅದೇ ನಂಬರಿನ ಹೊಸ ಸಿಮ್ ತಗೊಳ್ಳಿ, ಒಟಿಪಿ ಅದಕ್ಕೇ ಬರೋದು. ಆಮೇಲೆ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿ. ಫೋನು ವಾಪಸ್ ಬಂದ ಮೇಲೆ ಅಲ್ಲೇ ಅನ್‌ಬ್ಲಾಕ್ ಮಾಡೋದನ್ನ ಮರೀಬೇಡಿ.

ಎಲ್ಲ ಫೋನೂ ಸಿಕ್ಕೇಬಿಡುತ್ತೆ ಅಂತ ನಾನು ಹೇಳೋಲ್ಲ. ಆಫ್ ಆಗಿ ಬಿದ್ದಿದ್ದರೆ, ಬಿಡಿಭಾಗವಾಗಿ ಮಾರಾಟವಾಗಿದ್ದರೆ ಟವರಿಗೆ ಏನೂ ಕೇಳಿಸೋದಿಲ್ಲ. ಐಎಂಇಐಯನ್ನೇ ತಿದ್ದೋ ಖದೀಮರೂ ಇದ್ದಾರೆ. ಅಂಥವರಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇನ್ನೊಂದು ಮಾತು, ಇದು ಕೊಳ್ಳೋರಿಗೆ. ಬಿಲ್ ಇಲ್ಲದ ಫೋನು ಅಗ್ಗಕ್ಕೆ ಸಿಕ್ಕಿತು ಅಂತ ಸಂತೆಯಲ್ಲಿ ತಗೊಂಡರೆ, ನಾಳೆ ಪೊಲೀಸರು ಬರೋದು ನಿಮ್ಮ ಮನೆಗೆ. ಯಾಕಂದ್ರೆ ಅದರಲ್ಲಿರೋದು ನಿಮ್ಮ ಸಿಮ್! ಕೊಳ್ಳೋ ಮುಂಚೆ ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕಪ್ಪುಪಟ್ಟಿಯಲ್ಲಿದ್ದರೆ ಗೊತ್ತಾಗುತ್ತೆ.

ಇಷ್ಟೆಲ್ಲ ನಡೆಯೋದು ಆ 15 ಅಂಕಿ ನಿಮ್ಮ ಹತ್ತಿರ ಇದ್ದರೆ. ಫೋನು ಹೋದ ಮೇಲೆ ಹುಡುಕಿದರೆ ಎಲ್ಲಿ ಸಿಗಬೇಕು? ಈಗಲೇ *#06# ಒತ್ತಿ. ಬರೋ ನಂಬರನ್ನ ಫೋನಿನಲ್ಲಲ್ಲ, ಮನೆಯ ಕ್ಯಾಲೆಂಡರ್ ಹಿಂದೆ ಬರೆದಿಡಿ. ಎರಡು ಸಿಮ್ಮಿನ ಫೋನಾದರೆ ಎರಡೂ ಬರೀರಿ. ಜಾತ್ರೆಗೆ ಆಮೇಲೆ ಹೊರಡಿ.