ಪುನರ್ವಸುವಿನ ಕಿತ್ತಳೆ ತಾರೆ

ಪುನರ್ವಸು ಮಳೆಯ ಹೆಸರನ್ನು ಕೇಳದ ರೈತನು ಕನ್ನಡ ನಾಡಿನಲ್ಲಿ ಇರಲಾರನು. ಜುಲೈ ತಿಂಗಳಿನಲ್ಲಿ ಸೂರ್ಯನು ಪುನರ್ವಸು ನಕ್ಷತ್ರದಲ್ಲಿರುವಾಗ ಸುರಿಯುವ ಮಳೆಗೆ ಆ ಹೆಸರು. ಆಗ ಸೂರ್ಯಪ್ರಭೆಯಲ್ಲಿ ಮರೆಯಾಗಿರುವ ಆ ನಕ್ಷತ್ರವನ್ನು ಕಣ್ಣಾರೆ ಕಾಣಬೇಕಾದರೆ ನಾವು ಚಳಿಗಾಲದವರೆಗೆ ಕಾಯಬೇಕು. ಜನವರಿಯ ರಾತ್ರಿ ಎಂಟು ಗಂಟೆಯ ಸುಮಾರಿಗೆ ಪೂರ್ವದ ಆಕಾಶವನ್ನು ನೋಡಿದರೆ, ಮಿಥುನ ರಾಶಿಯಲ್ಲಿ ಎರಡು ತಾರೆಗಳು ಒಂದರ ಪಕ್ಕದಲ್ಲೊಂದು ಹೊಳೆಯುತ್ತಿರುತ್ತವೆ. ಅವುಗಳಲ್ಲಿ ಕ್ಯಾಸ್ಟರ್ ಎಂಬುದು ಬೆಳ್ಳಗಿದೆ. ಅದಕ್ಕಿಂತ ತುಸು ಉಜ್ವಲವಾದ ಪೊಲಕ್ಸ್ ಕಿತ್ತಳೆ ಬಣ್ಣದ್ದು. ಈ ಬಣ್ಣವೇ ಪೊಲಕ್ಸ್‌ನ ಮುಪ್ಪಿನ ಕುರುಹು.

ಪೊಲಕ್ಸ್ ನಮ್ಮಿಂದ ಸುಮಾರು 34 ಜ್ಯೋತಿರ್ವರ್ಷಗಳ ದೂರದಲ್ಲಿದೆ. ದೈತ್ಯ ತಾರೆಗಳಲ್ಲಿ ನಮಗೆ ಅತಿ ಸಮೀಪದ್ದು ಇದೇ. ಅದರ ವ್ಯಾಸವು ಸೂರ್ಯನ ವ್ಯಾಸದ ಸುಮಾರು 9ರಷ್ಟು. ಎಂದರೆ ಅದರ ಗಾತ್ರದೊಳಗೆ 700ಕ್ಕೂ ಹೆಚ್ಚು ಸೂರ್ಯರು ಅಡಗಬಹುದು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಆಗಿದ್ದರೆ, ಪೊಲಕ್ಸ್‌ನದು ಸುಮಾರು 4,500 ಡಿಗ್ರಿ ಮಾತ್ರ.

ಇಷ್ಟು ಮುಪ್ಪಾದ ತಾರೆ ನಮ್ಮ ಸೂರ್ಯನಿಗಿಂತ ಎಷ್ಟೋ ಹಳೆಯದಿರಬೇಕೆಂದು ವಾಚಕರು ಊಹಿಸಬಹುದು. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. ಸೂರ್ಯನ ವಯಸ್ಸು 460 ಕೋಟಿ ವರ್ಷ. ಪೊಲಕ್ಸ್‌ನ ವಯಸ್ಸನ್ನು ವಿಜ್ಞಾನಿಗಳು 70ರಿಂದ 120 ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಕಿರಿಯನು ಮುದುಕನಾಗಿದ್ದಾನೆ, ಹಿರಿಯನು ಇನ್ನೂ ನಡುವಯಸ್ಸಿನಲ್ಲಿದ್ದಾನೆ! ಇದಕ್ಕೆ ಕಾರಣ ತಾರೆಗಳ ಆದಾಯ-ವೆಚ್ಚದ ಲೆಕ್ಕದಲ್ಲಿದೆ. ತಾರೆಯ ಇಂಧನವೆಂದರೆ ಅದರ ಗರ್ಭದಲ್ಲಿರುವ ಜಲಜನಕ. ಅದು ಹೀಲಿಯಂ ಆಗಿ ಮಾರ್ಪಡುವಾಗ ಬೆಳಕೂ ಶಾಖವೂ ಹೊರಹೊಮ್ಮುತ್ತವೆ. ಪೊಲಕ್ಸ್‌ನಲ್ಲಿರುವ ದ್ರವ್ಯವು ಸೂರ್ಯನದರ ಹೆಚ್ಚುಕಡಿಮೆ ಎರಡರಷ್ಟು. ಆದರೆ ಅಂಥ ಭಾರದ ತಾರೆಯ ಗರ್ಭದಲ್ಲಿ ಒತ್ತಡವೂ ಉಷ್ಣತೆಯೂ ಅಧಿಕವಾದುದರಿಂದ ಇಂಧನವು ಸುಮಾರು ಹತ್ತರಷ್ಟು ವೇಗದಲ್ಲಿ ವೆಚ್ಚವಾಗುತ್ತದೆ. ಆಸ್ತಿ ಇಮ್ಮಡಿ, ವೆಚ್ಚ ಹತ್ತುಮಡಿ ಆದ ಮನೆತನವು ಎಷ್ಟು ಕಾಲ ಬಾಳೀತು?

ಗರ್ಭದ ಜಲಜನಕವು ತೀರಿದೊಡನೆ ಒಳಭಾಗವು ಕುಗ್ಗಿ ಮತ್ತಷ್ಟು ಕಾಯುತ್ತದೆ; ಅದರ ಸುತ್ತಲಿನ ಪದರದಲ್ಲಿ ಜಲಜನಕವು ಉರಿಯಲು ತೊಡಗುತ್ತದೆ. ಆ ಶಾಖಕ್ಕೆ ತಾರೆಯ ಹೊರಭಾಗವು ಉಬ್ಬಿ, ಉಬ್ಬಿದಂತೆ ತಣಿಯುತ್ತದೆ. ಒಂದು ಕಾಲಕ್ಕೆ ಬೆಳ್ಳಗಿದ್ದ ಪೊಲಕ್ಸ್ ಕಿತ್ತಳೆ ಬಣ್ಣಕ್ಕೆ ತಿರುಗಿದುದು ಹೀಗೆ.

ಈ ವೃದ್ಧ ತಾರೆಯನ್ನು ಸುತ್ತುವ ಗ್ರಹವೊಂದಿದೆಯೆಂಬ ವಾರ್ತೆ 2006ರಲ್ಲಿ ಪ್ರಕಟವಾಯಿತು. ಆ ಗ್ರಹವನ್ನು ಯಾರೂ ದೂರದರ್ಶಕದಲ್ಲಿ ಕಂಡಿಲ್ಲ. ಗ್ರಹವು ಸುತ್ತುವಾಗ ತನ್ನ ತಾರೆಯನ್ನೂ ಅತ್ತಿತ್ತ ತುಸು ಎಳೆಯುತ್ತದೆ. ತಾರೆ ನಮ್ಮತ್ತ ಬರುವಾಗ ಅದರ ವರ್ಣಪಟಲದ ರೇಖೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಪೊಲಕ್ಸ್‌ನ ಈ ತೊನೆದಾಟವನ್ನು ಹ್ಯಾಟ್ಜಸ್ ಮತ್ತು ಕಾಕ್ರನ್ ಎಂಬ ವಿಜ್ಞಾನಿಗಳು 1993ರಲ್ಲಿಯೇ ವರದಿ ಮಾಡಿದ್ದರು. ಅದರ ವೇಗವು ಸೆಕೆಂಡಿಗೆ ಸುಮಾರು 40 ಮೀಟರು, ಅವಧಿಯು ಸುಮಾರು 590 ದಿನ. 25 ವರ್ಷಗಳ ಅಳತೆಗಳನ್ನು ಒಟ್ಟುಗೂಡಿಸಿದಾಗಲೂ ಈ ತಾಳವು ತಪ್ಪಿರಲಿಲ್ಲ. ಇದು ಗ್ರಹದ್ದೇ ಕೆಲಸವೆಂದು ಆಗ ನಿರ್ಣಯಿಸಲಾಯಿತು. 2015ರಲ್ಲಿ ಅದಕ್ಕೆ ಥೆಸ್ಟಿಯಾಸ್ ಎಂದು ನಾಮಕರಣವೂ ಆಯಿತು.

ಲೆಕ್ಕದಂತೆ ಥೆಸ್ಟಿಯಾಸ್ ನಮ್ಮ ಗುರುಗ್ರಹದ ಕನಿಷ್ಠ 2.3ರಷ್ಟು ಭಾರವುಳ್ಳದ್ದು. ತನ್ನ ತಾರೆಯಿಂದ ಅದಕ್ಕಿರುವ ಅಂತರವು ಸೂರ್ಯನಿಂದ ಭೂಮಿಗಿರುವ ಅಂತರದ 1.6ರಷ್ಟು. ಅಲ್ಲಿಂದ ನೋಡಿದರೆ ಪೊಲಕ್ಸ್‌ನ ಬಿಂಬವು ನಮ್ಮ ಸೂರ್ಯಬಿಂಬಕ್ಕಿಂತ ಐದಾರು ಪಟ್ಟು ಅಗಲವಾಗಿ ಕಾಣುವುದು. ಭೂಮಿಗೆ ದೊರೆಯುವ ಶಾಖದ ಹತ್ತು ಪಟ್ಟಿಗೂ ಮೀರಿದ ಶಾಖವು ಅದರ ಮೇಲೆ ಬೀಳುವುದು.

ಆದರೆ ಈ ಕಥೆ ಇಲ್ಲಿಗೆ ಮುಗಿಯಲಿಲ್ಲ. ಪೊಲಕ್ಸ್‌ನ ಮೇಲ್ಮೈಯಲ್ಲಿ ಅತ್ಯಂತ ದುರ್ಬಲವಾದ ಕಾಂತಕ್ಷೇತ್ರವಿದೆಯೆಂದೂ, ಅದು ಸುಮಾರು 660 ದಿನಗಳಿಗೊಮ್ಮೆ ಏರಿಳಿಯುತ್ತದೆಯೆಂದೂ 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಈ ಅವಧಿಯು 590 ದಿನಗಳಿಗೆ ಸಮೀಪವಾದದ್ದು. ತಾರೆ ತನ್ನ ಅಕ್ಷದ ಮೇಲೆ ತಿರುಗುವಾಗ ಮೇಲ್ಮೈಯ ಕ್ಷೋಭೆಯೇ ವರ್ಣರೇಖೆಗಳನ್ನು ಸರಿಸಿ, ಇಲ್ಲದ ಗ್ರಹವನ್ನು ಇದ್ದಂತೆ ತೋರಿಸುತ್ತಿರಬಹುದಲ್ಲವೇ? ಈ ಸಂಶಯವು ಪೂರ್ಣವಾಗಿ ನಿವಾರಣೆಯಾಗಿಲ್ಲ.

ಗ್ರಹವಿದ್ದರೇನು, ಇಲ್ಲದಿದ್ದರೇನು ಎಂದು ನಾವು ಉಪೇಕ್ಷಿಸುವಂತಿಲ್ಲ. ಇನ್ನು ಸುಮಾರು 500 ಕೋಟಿ ವರ್ಷಗಳ ತರುವಾಯ ನಮ್ಮ ಸೂರ್ಯನೂ ಇದೇ ದಾರಿಯನ್ನು ಹಿಡಿದು ಉಬ್ಬುವನು. ಬುಧ ಶುಕ್ರಗಳು ಅವನ ಒಡಲನ್ನು ಸೇರುವುವು. ಭೂಮಿಯ ಗತಿಯ ವಿಷಯದಲ್ಲಿ ಗಣಿತಜ್ಞರಿಗೇ ಏಕಾಭಿಪ್ರಾಯವಿಲ್ಲ. ಮುಪ್ಪಾದ ತಾರೆಯ ಬಳಿಯಲ್ಲಿ ಎಷ್ಟು ದೂರದ ಗ್ರಹ ಉಳಿಯುತ್ತದೆ, ಎಷ್ಟು ದೂರದ್ದು ಅಳಿಯುತ್ತದೆ ಎಂಬುದಕ್ಕೆ ಇಂಥ ತಾರೆಗಳೇ ನಮಗಿರುವ ಸಾಕ್ಷಿಗಳು. ಸಾಕ್ಷಿಯ ಮಾತು ನಿಜವೇ ಎಂದು ಮೊದಲು ಪರೀಕ್ಷಿಸಬೇಕು.

ಪರೀಕ್ಷೆಯ ವಿಧಾನವು ಸರಳವಾದದ್ದು, ಆದರೆ ತಾಳ್ಮೆಯನ್ನು ಬೇಡುವಂಥದು. ಗ್ರಹದ ತಾಳವು ಎಂದಿಗೂ ಬದಲಾಗದು. ತಾರೆಯ ಮೇಲ್ಮೈಯ ಕ್ಷೋಭೆಯಾದರೋ ಕಾಲಕ್ರಮದಲ್ಲಿ ಏರಿಳಿಯುವುದು, ದಿಕ್ಕುಗೆಡುವುದು. ಒಂದು ಸುತ್ತಿಗೆ 590 ದಿನಗಳಾದರೆ, ಹತ್ತು ಸುತ್ತುಗಳನ್ನು ಅಳೆಯಲು ಹದಿನಾರು ವರ್ಷಗಳು ಬೇಕು. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವವರು ಆ ಅಳತೆಯ ಕೊನೆಯ ಅಂಕೆಗಳನ್ನು ಬರೆದುಕೊಳ್ಳುವ ವಯಸ್ಸಿಗೆ ಬರುವಷ್ಟು ಕಾಲವದು.