ಉತ್ತರ ತಿಳಿಯದೆಯೂ ತಪ್ಪು ಹಿಡಿಯಬಹುದು!

1988ರ ಒಂದು ಬಿರುಮಳೆಯ ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಮನೆಯಿಂದಲೇ ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಮಳೆಯಿಂದ ತಂತಿಯಲ್ಲಿ ಅಡ್ಡಾದಿಡ್ಡಿ ಅಕ್ಷರಗಳು ನುಸುಳಿದವು, ಪ್ರೋಗ್ರಾಮುಗಳು ಕುಸಿದುಬಿದ್ದವು. ಬೇಕೆಂದೇ ಇಂಥ ಅಕ್ಷರಗಳನ್ನು ಸುರಿದು ನೋಡುವ ಕೆಲಸವನ್ನು ಅವರು ವಿದ್ಯಾರ್ಥಿಗಳಿಗೆ ಒಪ್ಪಿಸಿದರು. ಪರೀಕ್ಷಿಸಿದ ಯೂನಿಕ್ಸ್ ಪ್ರೋಗ್ರಾಮುಗಳಲ್ಲಿ ಸುಮಾರು ಕಾಲು ಭಾಗ ಕೆಟ್ಟುನಿಂತವು. ಈ ವಿಧಾನಕ್ಕೆ ‘ಫಝ್ ಟೆಸ್ಟಿಂಗ್’ ಎಂಬ ಹೆಸರು ಬಂತು.

ಬ್ಯಾಂಕು, ರೈಲ್ವೆಗಳ ಮಾಹಿತಿಯನ್ನು ಕಾಯ್ದಿಡುವ ಡೇಟಾಬೇಸ್ ತಂತ್ರಾಂಶಕ್ಕೆ ಇದಷ್ಟೇ ಸಾಲದು. ಕುಸಿದುಬಿದ್ದರೆ ದೋಷ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟರೆ? ಸರಿಯುತ್ತರ ಗೊತ್ತಿಲ್ಲದೆ ಅದನ್ನು ಹಿಡಿಯುವುದು ಹೇಗೆ?

2020ರಲ್ಲಿ ಸ್ವಿಟ್ಜರ್ಲೆಂಡಿನ ಈಟಿಎಚ್ ಜ್ಯೂರಿಕ್ ಸಂಸ್ಥೆಯ ಮಾನ್ಯುಯೆಲ್ ರಿಗ್ಗರ್ ಮತ್ತು ಝೆಂಡಾಂಗ್ ಸು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಅಂಕಪಟ್ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 35ಕ್ಕಿಂತ ಕಡಿಮೆ ಅಂಕ ಪಡೆದವರು, 35 ಅಥವಾ ಹೆಚ್ಚು ಪಡೆದವರು, ಅಂಕವೇ ನಮೂದಾಗದವರು: ಈ ಮೂರು ಗುಂಪು ಕೂಡಿದರೆ ಇಡೀ ತರಗತಿಯ ಪಟ್ಟಿಯೇ ಬರಬೇಕು. ಒಬ್ಬರು ಕಡಿಮೆಯಾದರೂ ತಂತ್ರಾಂಶ ಎಡವಿದೆ ಎಂದರ್ಥ. ಪಟ್ಟಿಗಳನ್ನೂ ಪ್ರಶ್ನೆಗಳನ್ನೂ ಕಂಪ್ಯೂಟರೇ ಯದ್ವಾತದ್ವಾ ಹೆಣೆದು, ಮತ್ತೆ ಮತ್ತೆ ತಾಳೆ ನೋಡುತ್ತದೆ. ಮೊಬೈಲ್ ಫೋನುಗಳಲ್ಲಿರುವ ಎಸ್‌ಕ್ಯೂಲೈಟ್‌ನಲ್ಲೂ ಹೀಗೆ ದೋಷಗಳು ಸಿಕ್ಕಿ, ದುರಸ್ತಿಯಾದವು.

ಭಾಗಾಕಾರ ಮಾಡಿದ ಮೇಲೆ ಗುಣಿಸಿ ತಾಳೆ ನೋಡಿ ಎಂದು ಶಾಲೆಯಲ್ಲಿ ಕಲಿಸುತ್ತಾರಲ್ಲ, ಇದೂ ಅದೇ ಜಾತಿಯದು. ಕಂಪ್ಯೂಟರ್ ಹೇಳಿದ್ದೆಲ್ಲ ಸರಿಯೆಂದು ನಂಬುವ ಮೊದಲು ಮಕ್ಕಳು ಹೀಗೆ ತಾಳೆ ನೋಡುವುದನ್ನು ರೂಢಿಸಿಕೊಳ್ಳುವುದು ಒಳ್ಳೆಯದು.