ಎರಡು ರಾತ್ರಿ, 51 ವಿಮಾನ

1941ರ ಡಿಸೆಂಬರ್ 14ರ ರಾತ್ರಿ. ಲಿಬಿಯಾದ ಕಡಲತೀರದ ತಮೆತ್ ವಾಯುನೆಲೆಯೊಳಕ್ಕೆ ಬೆರಳೆಣಿಕೆಯ ಬ್ರಿಟಿಷ್ ಸೈನಿಕರು ನಡೆದೇ ನುಗ್ಗಿದರು. ಅವರು ಮರುಭೂಮಿಯ ಕತ್ತಲಿಗೆ ಮರಳುವಷ್ಟರಲ್ಲಿ ಶತ್ರುವಿನ 24 ವಿಮಾನಗಳು ಕೆಲಸಕ್ಕೆ ಬಾರದಂತಾಗಿದ್ದವು. ಸುಟ್ಟುಹೋದವುಗಳ ಜಾಗಕ್ಕೆ ಹೊಸವು ಬಂದು ನಿಂತವು. ಎರಡು ವಾರ ಕಳೆಯುವುದರೊಳಗೆ ಅದೇ ನಾಯಕ ಅದೇ ನೆಲೆಗೆ ಮತ್ತೆ ಬಂದ. ಈ ಸಲ 27. ಎರಡು ರಾತ್ರಿಗೆ ಒಟ್ಟು 51.

ಬ್ರಿಟಿಷ್ ವಾಯುಪಡೆಯ ಹೆಸರಾಂತ ಫೈಟರ್ ಪೈಲಟ್ ಜಾನಿ ಜಾನ್ಸನ್ ಇಡೀ ಯುದ್ಧದಲ್ಲಿ ಒಂಟಿಯಾಗಿ ಹೊಡೆದುರುಳಿಸಿದ ವಿಮಾನಗಳು 34. ಅದನ್ನು ಪಕ್ಕಕ್ಕಿಟ್ಟು ನೋಡಿದರೆ 51ರ ತೂಕ ತಿಳಿಯುತ್ತದೆ. ಆ 51ಕ್ಕಾಗಿ ಆ ನಾಯಕ ನೆಲ ಬಿಟ್ಟು ಮೇಲೇರಲೇ ಇಲ್ಲ. ಹೆಸರು ರಾಬರ್ಟ್ ಬ್ಲೇರ್ ಮೇನ್. ಜೊತೆಗಾರರ ಬಾಯಲ್ಲಿ ಪ್ಯಾಡಿ. ಉತ್ತರ ಆಫ್ರಿಕಾದಲ್ಲಿ ಆತನೂ ಆತನ ತಂಡಗಳೂ ಸೇರಿ ನಾಶಮಾಡಿದ ವಿಮಾನಗಳು ನೂರಕ್ಕೂ ಮಿಕ್ಕಿದವು ಎನ್ನುತ್ತಾರೆ. ಇದು ದಾಳಿಗೆ ಹೋದವರೇ ಇಟ್ಟ ಲೆಕ್ಕ ನಿಜ. ಹತ್ತಿಪ್ಪತ್ತು ಕಳೆದರೂ ನನ್ನ ಬೆರಗು ಇಳಿಯುವುದಿಲ್ಲ.

ಇಷ್ಟಕ್ಕೆಲ್ಲ ಬಳಸಿದ ಅಸ್ತ್ರದ ತೂಕ ಸುಮಾರು ಅರ್ಧ ಕಿಲೋ. ಜಾಕ್ ಲೂಯಿಸ್ ಎಂಬ ಅಧಿಕಾರಿ ಪ್ಲಾಸ್ಟಿಕ್ ಸ್ಫೋಟಕ, ಥರ್ಮೈಟ್ ಮತ್ತು ಎಣ್ಣೆಯನ್ನು ಹಿಟ್ಟಿನಂತೆ ನಾದಿ ಮಾಡಿದ ಉಂಡೆ ಅದು. ಸ್ಫೋಟಿಸುತ್ತಲೇ ಬೆಂಕಿಯನ್ನೂ ಹಚ್ಚುತ್ತಿತ್ತು. ರೆಕ್ಕೆಯ ಮೇಲೆ, ಇಂಧನದ ಟ್ಯಾಂಕ್ ಇರುವಲ್ಲಿ ಇಟ್ಟು, ಪೆನ್ಸಿಲ್ ಗಾತ್ರದ ಕೊಳವೆಯೊಂದನ್ನು ಚುಚ್ಚಿ ನಡೆದುಬಿಡುವುದು. ಕೊಳವೆಯೊಳಗಿನ ದ್ರಾವಣ ತಂತಿಯನ್ನು ನಿಧಾನವಾಗಿ ತಿಂದು ಮುಗಿಸಿದಾಗ ಸಿಡಿತ. ಮೊದಲ ತಮೆತ್ ದಾಳಿಯಲ್ಲಿ ಉಂಡೆಗಳು ಮುಗಿದು ಒಂದು ವಿಮಾನ ಉಳಿದುಹೋಯಿತಂತೆ. ಮೇನ್ ಕಾಕ್‌ಪಿಟ್ ಹತ್ತಿ ಅದರ ಉಪಕರಣಗಳ ಫಲಕವನ್ನು ಬರಿಗೈಯಲ್ಲೇ ಕಿತ್ತ ಎಂದು ಜೊತೆಗಾರರು ಹೇಳಿಕೊಂಡು ಬಂದಿದ್ದಾರೆ. ಅದೇ ರಾತ್ರಿ ಅವರು ಪೈಲಟ್‌ಗಳ ಮೆಸ್ಸಿನ ಬಾಗಿಲು ತೆರೆದು ಗುಂಡು ಹಾರಿಸಿದ್ದರು. ಒಳಗಿದ್ದವರು ದಿನದ ಕೆಲಸ ಮುಗಿಸಿ ಕೂತಿದ್ದವರು. ವಿಮಾನಗಳನ್ನು ಎಣಿಸುತ್ತ ಬಂದ ನಾನು ಈ ಬಾಗಿಲ ಬಳಿ ನಿಲ್ಲಲೇಬೇಕಾಯಿತು.

ಮೇನ್ ಹುಟ್ಟಿದ್ದು 1915ರಲ್ಲಿ, ಐರ್ಲೆಂಡಿನ ಡೌನ್ ಕೌಂಟಿಯ ನ್ಯೂಟೌನಾರ್ಡ್ಸ್ ಊರಿನಲ್ಲಿ. ಆರು ವರ್ಷದವನಿದ್ದಾಗ ದೇಶ ಎರಡಾಯಿತು. ಆದರೆ ರಗ್ಬಿ ತಂಡ ಎರಡಾಗಲಿಲ್ಲ. ಅಖಂಡ ಐರ್ಲೆಂಡಿನ ಆ ತಂಡಕ್ಕೆ ಮೇನ್ ಆಡಿದ್ದು 6 ಪಂದ್ಯ. 1938ರಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸ ಮಾಡಿದ, ಬ್ರಿಟನ್ ಮತ್ತು ಐರ್ಲೆಂಡಿನ ಆಟಗಾರರ ಲಯನ್ಸ್ ತಂಡದಲ್ಲಿ ಮೂರೂ ಟೆಸ್ಟ್ ಆಡಿದ. ಓದಿದ್ದು ಕಾನೂನು, ವೃತ್ತಿಯಿಂದ ವಕೀಲ. ಪ್ರಾಟೆಸ್ಟೆಂಟ್ ಮನೆಯ ಈತನ ಆಪ್ತ ಗೆಳೆಯ ಓಯಿನ್ ಮೆಕ್‌ಗೊನಿಗಲ್ ಕ್ಯಾಥೊಲಿಕ್. ಇಬ್ಬರೂ ಬ್ರಿಟಿಷ್ ಸೈನ್ಯದ ಹೊಸ ಎಸ್‌ಎಎಸ್ ಪಡೆ ಸೇರಿದರು. 1941ರ ನವೆಂಬರಿನಲ್ಲಿ ಆ ಪಡೆಯ ಮೊದಲ ಕಾರ್ಯಾಚರಣೆ. ಬಿರುಗಾಳಿಯಲ್ಲಿ ಪ್ಯಾರಾಚೂಟಿನಿಂದ ಜಿಗಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರಳಲಿಲ್ಲ. ಓಯಿನ್ ಕೂಡ. ತಮೆತ್‌ಗೆ ಮೇನ್ ಹೋಗಿದ್ದು ಗೆಳೆಯನನ್ನು ಕಳೆದುಕೊಂಡ ಒಂದು ತಿಂಗಳೊಳಗೆ.

ಮುಂದೆ ಸಿಸಿಲಿ, ಇಟಲಿ, ಫ್ರಾನ್ಸ್, ಜರ್ಮನಿ. ಡಿಎಸ್‌ಒ ಪದಕ ಒಮ್ಮೆ ಸಿಕ್ಕರೆ ಸೈನಿಕ ಅಧಿಕಾರಿಯ ಜನ್ಮ ಸಾರ್ಥಕ ಎನ್ನುವ ಕಾಲದಲ್ಲಿ ಮೇನ್‌ಗೆ ಅದು 4 ಬಾರಿ ಬಂತು. ನಾಲ್ಕನೆಯದು 1945ರ ಏಪ್ರಿಲ್ 9ರ ಕೆಲಸಕ್ಕೆ. ಜರ್ಮನಿಯ ಓಲ್ಡನ್‌ಬರ್ಗ್ ಬಳಿ ಗುಂಡಿನ ಮಳೆಯ ನಡುವೆಯೇ ಜೀಪ್ ಓಡಿಸಿ, ಸಿಕ್ಕಿಬಿದ್ದಿದ್ದ ಗಾಯಾಳುಗಳನ್ನು ಕೈಯಾರೆ ಎತ್ತಿ ತಂದಿದ್ದ. ಶಿಫಾರಸು ಮಾಡಿದ್ದು ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್‌ಗೆ. ಮೇಲಿನವರ ಮೇಜು ದಾಟುವಾಗ ಅದು ಡಿಎಸ್‌ಒಗೆ ಇಳಿಯಿತು. 60 ವರ್ಷಗಳ ನಂತರ, 2005ರಲ್ಲಿ, ಇದು ಅನ್ಯಾಯವೆನ್ನುವ ಗೊತ್ತುವಳಿಗೆ ಬ್ರಿಟಿಷ್ ಸಂಸತ್ತಿನ ನೂರಕ್ಕೂ ಹೆಚ್ಚು ಸದಸ್ಯರು ಸಹಿ ಹಾಕಿದರು. ಸರ್ಕಾರ ಒಪ್ಪಲಿಲ್ಲ. ಒಪ್ಪಬೇಕಿತ್ತು ಎಂದೇ ನನ್ನ ಅನಿಸಿಕೆ.

ಯುದ್ಧ ಮುಗಿದಾಗ ಆತನಿಗೆ ಬರೀ 30. ನಮ್ಮಲ್ಲಿ ಎಷ್ಟೋ ಜನರ ಬದುಕು ಶುರುವಾಗುವುದೇ ಆ ವಯಸ್ಸಿಗೆ. ಅಂಟಾರ್ಕ್ಟಿಕದತ್ತ ಹೊರಟಿದ್ದ ಸರ್ವೆ ತಂಡ ಸೇರಿದ. ಸೈನ್ಯದಲ್ಲಿ ಅಂಟಿಕೊಂಡ ಬೆನ್ನುನೋವು ವಾಪಸು ಕಳಿಸಿತು. ಉತ್ತರ ಐರ್ಲೆಂಡಿನ ಲಾ ಸೊಸೈಟಿಗೆ ಕಾರ್ಯದರ್ಶಿಯಾದ. ಕಡತ, ಪತ್ರ, ಸಭೆ. ಸಂಜೆಗೆ ಕುಡಿತ. 1955ರ ಡಿಸೆಂಬರ್ 14ರ ನಸುಕಿನಲ್ಲಿ ಹುಟ್ಟೂರಿನ ಬೀದಿಯಲ್ಲಿ ಆತನ ಕೆಂಪು ರೈಲಿ ಕಾರು ನಿಂತಿದ್ದ ವಾಹನವೊಂದಕ್ಕೆ ಬಡಿಯಿತು. ಸತ್ತಾಗ ವಯಸ್ಸು 40. ಮೊದಲ ತಮೆತ್ ದಾಳಿಗೆ ಸರಿಯಾಗಿ 14 ವರ್ಷ ತುಂಬಿದ ದಿನ.

ಆ ಕೊನೆಯ ಹತ್ತು ವರ್ಷಗಳ ವಿವರಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಒಂದೇ. ರಗ್ಬಿ ಪಂದ್ಯದ ಅವಧಿ 80 ನಿಮಿಷ. ಬೆನ್ನುನೋವಿನಿಂದಾಗಿ ಮೇನ್‌ಗೆ ಆಡುವುದಿರಲಿ, ಅಷ್ಟು ಹೊತ್ತು ಪ್ರೇಕ್ಷಕರ ನಡುವೆ ಕೂತು ನೋಡುವುದಕ್ಕೂ ಆಗುತ್ತಿರಲಿಲ್ಲ.